ಜಮೈಕಾಕ್ಕೆ ಹೊರಟವಳ ಕಾಯಂ ವಿಳಾಸ

ಪಾಸ್‌ಪೋರ್ಟ್ ಅರ್ಜಿಯ 'ಕಾಯಂ ವಿಳಾಸ' ಎಂಬ ಕಾಲಮ್ಮಿನಲ್ಲಿ ಮಾಯಕ್ಕ ಸುಳ್ಳು ಬರೆಯಲಿಲ್ಲ. ತಪ್ಪಾದದ್ದು ಅಲ್ಲೇ.

"ಕಾಡವ್ವ ಸಿದರಾಯ ಇವರ ಕುರಿಹಟ್ಟಿ. ಸುಗ್ಗಿಯ ನಂತರ ಖಾನಾಪುರ ತಾಲೂಕಿನ ಭತ್ತದ ಗದ್ದೆಗಳು. ಮಳೆಗಾಲದಲ್ಲಿ ಗೋಕಾಕ ಸೀಮೆ" ಎಂದು ಬರೆದಿದ್ದಳು. ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ "ಕೇಳಿದರೆ ಯಾರಾದರೂ ತೋರಿಸುತ್ತಾರೆ" ಎಂದೂ ಸೇರಿಸಿದ್ದಳು.

ಬೇರೆ ಏನು ಬರೆಯಬೇಕಿತ್ತು? ಹುಟ್ಟಿದ ಊರು ಅಣೆಕಟ್ಟಿನ ನೀರಿನ ಕೆಳಗಿತ್ತು. ಹೊಲವಿದ್ದವರು ಪರಿಹಾರ ತೆಗೆದುಕೊಂಡು ಎದ್ದುಹೋದರು. ಕುರಿಯವರ ಗುಡಿಸಲಿಗೆ ಜಾಗದ ದಾಖಲೆಯಾದ ಉತಾರವಿರಲಿಲ್ಲ, ಉತಾರವಿಲ್ಲದ ಗುಡಿಸಲು ಮುಳುಗಿದರೆ ಸರ್ಕಾರದ ಲೆಕ್ಕದಲ್ಲಿ ಏನೂ ಮುಳುಗಿದಂತಲ್ಲ. ಅಂದಿನಿಂದ ಅವ್ವ ಕಾಡವ್ವ ಇಬ್ಬರು ಗಂಡುಮಕ್ಕಳೊಂದಿಗೆ ಇನ್ನೂರು ಕುರಿಗಳ ಹಿಂದೆಯೇ ಇದ್ದಳು. ಮಗಳು ಮಾತ್ರ ಹಾಸ್ಟೆಲಿನಲ್ಲಿದ್ದು ಓದಿ, ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಆರು ವರ್ಷಗಳಿಂದ ತಾನು ಕಾಣದ ಊರುಗಳಿಗೆಲ್ಲ ಬೇರೆಯವರ ಟ್ರಂಕ್ ಕಾಲ್ ಜೋಡಿಸುತ್ತ ಕುಳಿತವಳು.

ಅವಳ ಬಾಡಿಗೆ ಕೋಣೆ ಖಾಸಬಾಗದಲ್ಲಿ, ನೇಕಾರ ಬಾಳಾಸಾಹೇಬನ ಮಗ್ಗದ ಮನೆಯ ಅಟ್ಟದ ಮೇಲೆ. ಪ್ರತಿ ರವಿವಾರ ಅದೇ ಅಟ್ಟದಲ್ಲಿ ಹನ್ನೆರಡು ಜನ ಸೇರಿ ಪುಸ್ತಕ ಓದಿ ಜಗಳಾಡುತ್ತಿದ್ದರು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಆ ಪುಸ್ತಕಗಳು ನೂಲಿನ ಗಂಟುಗಳೊಳಗೆ ಅವಿತಿದ್ದವು. ಅದು ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಪೊಲೀಸರ ಸೈಕಲ್ ಬೆಲ್ ಕೇಳಿದರೆ ಬಾಳಾಸಾಹೇಬನ ಕೈ ಈಗಲೂ ತಾನಾಗಿ ಗಂಟು ಬಿಗಿಯುತ್ತಿತ್ತು.

ಜಮೈಕಾದ ಕಿಂಗ್‌ಸ್ಟನ್ ಪಟ್ಟಣದಲ್ಲಿ ಏಪ್ರಿಲ್ ತಿಂಗಳಲ್ಲಿ ಟೆಲಿಫೋನ್ ಕೆಲಸದ ಹೆಣ್ಣುಮಕ್ಕಳ ಸಮ್ಮೇಳನವಿತ್ತು. ಹೊರದೇಶದ ಕಾರ್ಮಿಕ ಸಂಘವೊಂದು ವಿಮಾನದ ಟಿಕೀಟು ಕೊಡುತ್ತದೆ; ಫೆಬ್ರುವರಿ ಮುಗಿಯುವುದರೊಳಗೆ ಪಾಸ್‌ಪೋರ್ಟ್ ನಂಬರು ಕಳಿಸದಿದ್ದರೆ ಆ ಜಾಗ ಬೇರೆ ಊರಿನವರಿಗೆ. ಸಮ್ಮೇಳನ ಎಂಟು ದಿನದ್ದು. ಮಾಯಕ್ಕ ಮರಳುವ ಟಿಕೀಟಿನ ತಾರೀಖನ್ನು ಮೂರು ವಾರ ಮುಂದಕ್ಕೆ ಹಾಕಿಸಿಕೊಂಡಳು. ಮಿಲಿಟರಿ ಕ್ಯಾಂಪಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಪಾಯಿಗಳ ಬೆನ್ನುಚೀಲವೊಂದನ್ನು ಕೊಂಡಳು. ಸಭೆ ಮುಗಿದ ಮೇಲೆ ಅದನ್ನು ಹೊತ್ತು, ಸಿಕ್ಕ ಬಸ್ಸು ಹಿಡಿದು, ಸಿಗದ ಕಡೆ ನಡೆದು, ಇಡೀ ದ್ವೀಪ ಸುತ್ತುವುದು ಅವಳ ಲೆಕ್ಕ.

ಓದುಗರ ಬಳಗದವರೇ ಬೆರಗಾದರು. ಅಷ್ಟು ದೂರ ಹೋಗಿ ಹೋರಾಟದ ವರದಿ ತರುವುದು ಬಿಟ್ಟು ತಿರುಗಾಟವೇ ಎಂದರು ಕೆಲವರು. ಮಾಯಕ್ಕ ಹೇಳಿದಳು: "ಸಭಾ ಎಲ್ಲಾ ಊರಾಗೂ ಒಂದ ನಮೂನಿ ಇರ್ತಾವರಿ. ಸಭಾದಾಗ ಕುಂತ್ರ ಜಮೈಕಾ ಹೆಂಗ ಕಾಣ್ತೈತಿ? ಹಿಂದಕ ಒಬ್ಬಾಂವ ಹಾದಿ ತಪ್ಪಿ ಅಲ್ಲಿ ಇಳದು, ಇದ ಇಂಡಿಯಾ ಅಂತ ಹೆಸರಿಟ್ಟು ಬಂದ. ಯಾಕ ಹೋಗಿದ್ಯೋ ಅಂತ ಅವಗ ಯಾರೂ ಕೇಳಲಿಲ್ಲ. ಇಲ್ಲಿಂದ ಒಬ್ಬಾಕಿ ಹೋಗಿ ನೋಡಿ ಬರ್ತೇನಿ ಅಂದ್ರ ಎಲ್ಲಾರೂ ಕೇಳ್ತೀರಿ."

ಅಲ್ಲಿಗೆ ಆ ವಾದ ಮುಗಿಯಿತು. ಈಗಿನ ವಿಳಾಸ, ಕಾಯಂ ವಿಳಾಸ ಎರಡೂ ಕಾಲಮ್ಮಿನಲ್ಲಿ ಖಾಸಬಾಗದ ವಿಳಾಸವನ್ನೇ ಬರೆ ಎಂದು ಬಾಳಾಸಾಹೇಬ ಬೇಡಿಕೊಂಡಿದ್ದ. ಅವಳು ಕೇಳಲಿಲ್ಲ. ಈಗಿನ ವಿಳಾಸಕ್ಕೆ ಅವನೇ ಸಾಕ್ಷಿ ಸಹಿ ಹಾಕಿದ. ಕಾಯಂ ವಿಳಾಸದ ವಿಚಾರಣೆ ಖಾನಾಪುರಕ್ಕೆ ಹೋಯಿತು.

ಹವಾಲ್ದಾರ ಭರಮಪ್ಪ ಕಾಗದ ಹಿಡಿದು ಮೂರು ದಿನ ಕುರಿಹಟ್ಟಿ ಹುಡುಕಿದ. ನಾಲ್ಕನೆಯ ದಿನ ಮಧ್ಯಾಹ್ನ, ಮಲಪ್ರಭೆಯ ದಂಡೆಯ ಬಳಿ ಗುರುಪುತ್ರಪ್ಪ ಸಾವುಕಾರರ ಕೊಯ್ದ ಗದ್ದೆಯಲ್ಲಿ ಸೈಕಲ್ ಇಳಿದ. ವಿಷಯ ತಿಳಿದು ರಜೆ ಹಾಕಿ ಬಂದಿದ್ದ ಮಾಯಕ್ಕ ಅವ್ವನ ಜೊತೆ ಕುರಿ ಕೂಡಿಹಾಕುವ ಬಲೆಯ ಹರಕು ಹೊಲಿಯುತ್ತಿದ್ದಳು. ಅಣ್ಣಂದಿರು ಕುರಿ ಹೊಡೆದುಕೊಂಡು ಮೇಯಿಸಲು ಹೋಗಿದ್ದರು.

ಮನೆ ನಂಬರು ಎಷ್ಟು ಎಂದು ಭರಮಪ್ಪ ಕೇಳಿದ. ಕಾಡವ್ವ ಬಲೆಯ ಗೂಟಗಳನ್ನು ತೋರಿಸಿ, ಎಣಿಸಿಕೊಳ್ಳಿ ಎಂದಳು. ಅವನಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಒಂದು ವರ್ಷದಿಂದ ಎಲ್ಲೆಲ್ಲಿ ಇದ್ದಿರಿ ಎಂದು ಕೇಳಿ, ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿದ. ಕಾಡವ್ವ ಹೋದ ಸುಗ್ಗಿಯಿಂದ ಶುರು ಮಾಡಿದಳು. ಯಾರ ಹೊಲ, ಎಷ್ಟು ರಾತ್ರಿ, ಅಲ್ಲಿ ಯಾವ ಕುರಿ ಈಯಿತು, ಆ ಮನೆಯ ಸೊಸೆ ಮಜ್ಜಿಗೆಗೆ ನೀರು ಎಷ್ಟು ಬೆರೆಸುತ್ತಾಳೆ, ಒಂದೂ ಬಿಡಲಿಲ್ಲ. ಎರಡು ಪುಟ ತುಂಬಿತು. ಗೋಕಾಕದವರೆಗೆ ಹೋಗುವಷ್ಟರಲ್ಲಿ ಭರಮಪ್ಪ ಪೆನ್ನು ಮುಚ್ಚಿದ.

"ಇಷ್ಟೂ ವಿಳಾಸ ಬರದ್ರ ಬೆಂಗಳೂರಾಗ ನನ್ನ ನೌಕರಿ ತಗೀತಾರಬೇ ಯವ್ವ."

ಅವನ ಕಣ್ಣು ಆಗಲೇ ಮಾಯಕ್ಕನ ಮಡಿಲಲ್ಲಿದ್ದ ಹಾಳೆಯ ಮೇಲಿತ್ತು. ಸಾಲೆಯ ಅಟ್ಲಾಸ್ ನೋಡಿ ಅವಳೇ ದೊಡ್ಡದಾಗಿ ಬರೆದುಕೊಂಡ ದ್ವೀಪದ ನಕಾಶೆ ಅದು. ಇದು ಎಷ್ಟು ದೊಡ್ಡದು ಎಂದ. ನಮ್ಮ ಬೆಳಗಾವಿ ಜಿಲ್ಲೆಗಿಂತ ಸಣ್ಣದು ಎಂದಳು. ಅವನಿಗೆ ನಂಬಿಕೆಯಾಗಲಿಲ್ಲ. ಇಷ್ಟು ಸಣ್ಣ ಊರಿನವರು ನಮ್ಮವರನ್ನು ಕ್ರಿಕೆಟ್ ಆಟದಲ್ಲಿ ಹಾಗೆ ಹೊಡೆದು ಹಾಕುತ್ತಾರಲ್ಲ ಎಂದು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಲಾಜಿಂಗಿಗೆ ರೊಕ್ಕ ಯಾರು ಕೊಡುತ್ತಾರೆ, ರೊಟ್ಟಿ ಸಿಗುತ್ತದೆಯೇ, ಮಾತು ಯಾವುದು? ವಿಚಾರಣೆಯ ಕಾಗದದಲ್ಲಿ ಇಲ್ಲದ ಪ್ರಶ್ನೆಗಳೇ ಹೆಚ್ಚಾದವು. ರೊಟ್ಟಿ ಸಿಗುವುದಿಲ್ಲ, ಗೆಣಸು ಸಿಗುತ್ತದೆ, ನಮ್ಮ ಕಡೆಯ ಹಲಸಿನಂಥ ನೀರ್‌ಫಣಸ ಸುಟ್ಟು ತಿನ್ನುತ್ತಾರಂತೆ ಎಂದು ಮಾಯಕ್ಕ ಓದಿದ್ದನ್ನು ಹೇಳಿದಳು. ನಮ್ಮ ದೇಶದಿಂದ ಹಡಗಿನಲ್ಲಿ ತುಂಬಿಸಿಕೊಂಡು ಹೋಗಿ ಕಬ್ಬು ಕಡಿಯಲು ಇಳಿಸಿದ ಜನರ ಮರಿಮಕ್ಕಳು ಅಲ್ಲಿದ್ದಾರೆ ಎಂದೂ ಹೇಳಿದಳು. ಹಡಗು ಹತ್ತಿದವರಿಗೆ ಆಗ ಯಾರೂ ಕಾಯಂ ವಿಳಾಸ ಕೇಳಿರಲಿಲ್ಲ.

ಕಾಡವ್ವ ಒಂದೇ ಕೇಳಿದಳು. "ಅಲ್ಲಿ ಹೊಲಾ ಯಾರವು?"

ಬಯಲಿನಲ್ಲಿ ದೊಡ್ಡವರ ಕಬ್ಬು, ಗುಡ್ಡದ ಮೇಲೆ ಬಡವರ ತುಂಡು ಹೊಲ ಎಂದಳು ಮಗಳು.

"ಹಂಗಾರ ಹೊತ್ತ ಮುಳುಗೂ ಮುಂಚೆ ಗುಡ್ಡಾ ಏರು. ಮೊದಲ ನೀರ ಕೇಳು, ಜಾಗಾ ಕೇಳಬ್ಯಾಡ. ನೀರ ಕೊಟ್ಟವರ ಜಾಗಾ ತೋರಸ್ತಾರ."

ಭರಮಪ್ಪ ಇದನ್ನೂ ಬರೆದುಕೊಂಡ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಹೇಳಿದ: ಈ ಮಂದಿ ನಮಗೆ ಗೊತ್ತು ಎಂದು ಹೊಲ-ಮನೆ ಇದ್ದವರೊಬ್ಬರು ಸಹಿ ಹಾಕಿದರೆ ಸಾಕು, ಹಾಕದಿದ್ದರೆ 'ವಿಳಾಸ ಸಿಗಲಿಲ್ಲ' ಎಂದು ಬರೆದು ಕಳಿಸಬೇಕಾಗುತ್ತದೆ.

ಅದಕ್ಕೇನು ಎಂದು ಕಾಡವ್ವ ನಿರಾಳವಾದಳು. ಗುರುಪುತ್ರಪ್ಪ ಸಾವುಕಾರರ ಗದ್ದೆಯಲ್ಲಿ ಒಂಬತ್ತು ವರ್ಷಗಳಿಂದ ಅವಳ ಕುರಿ ಕೂಡುತ್ತಿದ್ದವು. ಪ್ರತಿ ವರ್ಷ ಮೂರು ರಾತ್ರಿ ಹಿಂಡು ಮಲಗಿದರೆ ಆ ಹಿಕ್ಕೆಯಿಂದಲೇ ಭತ್ತ ಎದೆಮಟ್ಟ ಬರುತ್ತಿತ್ತು. ಈ ಸಲವೂ ಸಾವುಕಾರರು ವೀಳ್ಯದೆಲೆ, ಒಂದು ಚೀಲ ಭತ್ತ ಕೊಟ್ಟು ಮಾತಾಡಿಕೊಂಡಿದ್ದರು. ಒಂದು ರಾತ್ರಿ ಮುಗಿದಿತ್ತು, ಎರಡು ಬಾಕಿ.

ಸಾವುಕಾರರು ಬಂದು ಬದುವಿನ ಮೇಲೆ ನಿಂತರು. ಕಾಗದ ಓದಿಸಿ ಕೇಳಿದರು. ಹುಡುಗಿ ಯಾರ ಜೋಡಿ ಹೊರಟಿದ್ದಾಳೆ ಎಂದರು. ಒಬ್ಬಳೇ ಎಂದಳು ಮಾಯಕ್ಕ. ಸಾವುಕಾರರ ಮುಖ ಬದಲಾಯಿತು.

"ಹವಾಲ್ದಾರ್ರ, ನಾಳೆ ಏನರ ಆತಂದ್ರ ನನ್ನ ಹೆಸರು ಬರ್ತೈತಿ. ನೋಡ್ರಿ, ನನಗ ಇವರ ಕುರಿ ಗೊತ್ತದಾವ. ಮಂದಿ ಗೊತ್ತಿಲ್ಲ."

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಿಜವೆಂದೇ ಹೇಳಿದರು. ಅವರ ಮಟ್ಟಿಗೆ ಅದು ನಿಜವೂ ಆಗಿತ್ತು. ಒಂಬತ್ತು ವರ್ಷಗಳಲ್ಲಿ ಅವರು ಎಣಿಸಿದ್ದು ಕುರಿಗಳನ್ನು ಮಾತ್ರ.

ಕಾಡವ್ವ ಬಯ್ಯಲಿಲ್ಲ. ಎದ್ದು ಹೋಗಿ ಮೊದಲ ಗೂಟ ಕಿತ್ತಳು. ಎರಡನೆಯದು ಕಿತ್ತಳು. ಮಾಯಕ್ಕ ಬಲೆ ಸುತ್ತತೊಡಗಿದಳು. ಕಾಡವ್ವ ಒಂದು ರಾತ್ರಿಯ ಪಾಲಿನ ಭತ್ತವನ್ನು ಸೆರಗಿಗೆ ತೆಗೆದುಕೊಂಡು, ಉಳಿದ ಚೀಲವನ್ನೂ ಅದರ ಮೇಲೆ ಬಾಡಿದ ಎಲೆಗಳನ್ನೂ ತಂದು ಸಾವುಕಾರರ ಕಾಲ ಬಳಿ ಇಟ್ಟಳು. ಕೊಟ್ಟ ವೀಳ್ಯ ಹಿಂದೆ ಬರುವುದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

"ಗುರ್ತಿಲ್ಲದ ಮಂದಿ ಹೊಲದಾಗ ಇರಬಾರದ್ರಿ ಸಾವ್ಕಾರ್ರ. ನಾಳೆ ಏನರ ಆತಂದ್ರ ನಿಮ್ಮ ಹೆಸರು ಬರ್ತೈತಿ."

ಭರಮಪ್ಪ ಕೆಮ್ಮಿ, ನದಿಯ ಕಡೆ ಮುಖ ಮಾಡಿದ.

ಬದುವಿನ ಆಚೆ ಹದಿನೈದು ಗುಂಟೆಯ ಗದ್ದೆಯಲ್ಲಿ ಕೂಳೆ ಕೀಳುತ್ತಿದ್ದ ರೇಣವ್ವ ಇದನ್ನೆಲ್ಲ ನೋಡುತ್ತಿದ್ದಳು. ಗಂಡ ಸತ್ತ ಮೇಲೆ ಆ ತುಂಡು ಹೊಲವನ್ನು ಒಬ್ಬಳೇ ಮಾಡುತ್ತಿದ್ದವಳು. ಅಷ್ಟು ಸಣ್ಣ ಹೊಲದಲ್ಲಿ ಇನ್ನೂರು ಕುರಿ ಯಾರೂ ಕೂಡಿಸುತ್ತಿರಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು, ಸಹಿ ನಾ ಹಾಕಿದರೆ ನಡೆಯುತ್ತದೆಯೇ ಎಂದಳು. ಎಷ್ಟು ವರ್ಷದಿಂದ ಇವರ ಪರಿಚಯ ಎಂದು ಭರಮಪ್ಪ ಕೇಳಿದ.

"ಒಂಬತ್ತು ವರ್ಷಾತರಿ. ಇವರ ಕುರಿ ಒಂದ್ಸಲನರ ಈ ಮಗ್ಗಲಿಗೆ ಬಂದಾವೇನಂತ ಬದುವಿನ ಮ್ಯಾಲ ನಿಂತು ನೋಡಕೋತ ಬಂದೇನಿ. ಈ ಹುಡುಗಿ ಲಂಗಾ ಹಾಕ್ಕೊಂಡು ಬರತಿತ್ತು, ಕೈಯಾಗ ಪುಸ್ತಕ. ನನಗ ಗೊತ್ತಿಲ್ಲೇನು?"

ಆಗ ಸಾವುಕಾರರಿಗೆ ಎರಡು ರಾತ್ರಿಯ ಹಿಕ್ಕೆ ತಪ್ಪುವ ಗದ್ದೆ ನೆನಪಾಯಿತು. ಸಿಟ್ಟು ಬೇಡ, ಗೂಟ ಹೊಡೆಯಿರಿ, ಅಣ್ಣನ ಜೋಡಿ ಹೋಗುತ್ತಾಳೆ ಎಂದು ಬರೆಯಿರಿ, ನಾನು ಸಹಿ ಹಾಕುತ್ತೇನೆ ಎಂದರು.

ಭರಮಪ್ಪ ಮಾಯಕ್ಕನನ್ನು ಸೈಕಲ್ಲಿನ ಆಚೆ ಕರೆದು ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಈಗ ಠಾಣೆ ಇರಲಿಲ್ಲ.

"ತಂಗಿ, ಖರೇ ಹೇಳ್ತೇನಿ. ಸಾವ್ಕಾರ್ರ ಸಹಿ ಇದ್ರ ಮ್ಯಾಲಿನವರು ಕಣ್ಣ ಮುಚ್ಚಿ ಕಳಸ್ತಾರ. ಆ ಯವ್ವನ ಸಹಿ ಇದ್ರ ತಿರುಗಿ ಕೇಳಬಹುದು. ತಿರುಗಿ ಕೇಳಿದ್ರ ನಿನ್ನ ಫೆಬ್ರುವರಿ ಹೋತು. ನೀ ಹೇಳಿದಂಗ ಬರೀತೇನಿ."

ಮಾಯಕ್ಕ ನಕಾಶೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಚ್ಚಿದಳು. ಒಂದು ಸಾಲು ಸುಳ್ಳು, ಅಷ್ಟೇ. ಹೋಗದ ಅಣ್ಣನೊಬ್ಬ ಕಾಗದದ ಮೇಲೆ ಅವಳ ಜೊತೆ ವಿಮಾನ ಹತ್ತುತ್ತಾನೆ, ಅವಳು ನಿಜಕ್ಕೂ ಹತ್ತುತ್ತಾಳೆ. ಆದರೆ ಅವ್ವ ಆಗಲೇ ಕೊನೆಯ ಗೂಟವನ್ನು ಹೆಗಲಿಗೇರಿಸಿ ಬದುವಿನ ಮೇಲೆ ನಿಂತಿದ್ದಳು. ಮತ್ತೆ ಅದನ್ನು ಅಲ್ಲೇ ಹೊಡೆ ಎಂದು ಯಾವ ಬಾಯಿಂದ ಹೇಳುವುದು?

"ಆಕೀದ ತಗೋರಿ," ಎಂದಳು.

ರೇಣವ್ವ ಮರಾಠಿ ಸಾಲೆಯಲ್ಲಿ ಎರಡು ವರ್ಷ ಕಲಿತಿದ್ದಳು. ಸೈಕಲ್ಲಿನ ಸೀಟಿನ ಮೇಲೆ ಕಾಗದವಿಟ್ಟು, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ನೆಟ್ಟಳು. ಭರಮಪ್ಪ ಅದರ ಕೆಳಗೆ ತನ್ನ ಕೈಯಿಂದ ಬರೆದ: 'ಸದರಿ ಕುಟುಂಬ ತಿರುಗಾಡುತ್ತ ವಾಸಿಸುತ್ತದೆ. ಹುಡುಕಿದರೆ ಸಿಗುತ್ತದೆ. ನಾನು ಹುಡುಕಿದ್ದೇನೆ, ಸಿಕ್ಕಿದೆ.'

ಆ ರಾತ್ರಿಯೂ ಮರುರಾತ್ರಿಯೂ ಇನ್ನೂರು ಕುರಿಗಳು ಹದಿನೈದು ಗುಂಟೆಯಲ್ಲಿ ಮೈಗೆ ಮೈ ಹಚ್ಚಿ ಮಲಗಿದವು. ರೇಣವ್ವನ ಬಳಿ ಕೊಡಲು ಭತ್ತವಿರಲಿಲ್ಲ, ಕಾಡವ್ವ ಕೇಳಲೂ ಇಲ್ಲ.

ಕಾಗದ ಒಂದು ಸಲ ತಿರುಗಿ ಬಂತು. ಸಾಕ್ಷಿದಾರಳ ಹೊಲದ ಉತಾರ ಬೇಕೆಂದರು. ಭರಮಪ್ಪ ತಾನೇ ಊರ ಭೂಮಿ ಲೆಕ್ಕ ಬರೆಯುವ ತಲಾಠಿಯ ಹತ್ತಿರ ಹೋಗಿ ತಂದು ಜೋಡಿಸಿದ. ಫೆಬ್ರುವರಿ ಇಪ್ಪತ್ತೇಳಕ್ಕೆ ಪಾಸ್‌ಪೋರ್ಟ್ ಖಾಸಬಾಗಕ್ಕೆ ಬಂತು. ಅದರ ನಂಬರನ್ನು ಮಾಯಕ್ಕ ಅದೇ ದಿನ ತಂತಿಯಲ್ಲಿ ಸಂಘಕ್ಕೆ ಕಳಿಸಿದಳು.

ಮೇ ತಿಂಗಳಲ್ಲಿ ಅವಳ ಪತ್ರವೊಂದು ಬಂತು. ಬಾಳಾಸಾಹೇಬ ಅದನ್ನು ಬಳಗದಲ್ಲಿ ಓದಿದ. ಸಮ್ಮೇಳನದ ಬಗ್ಗೆ ಎರಡೇ ಸಾಲು. ಉಳಿದದ್ದು ಒಂದು ಗುಡ್ಡದೂರಿನ ಬಗ್ಗೆ. ಹಾದಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಗೆಣಸಿನ ಚೀಲದ ಮೇಲೆ ಕುಳಿತಿದ್ದ ಮುದುಕಿಯೊಬ್ಬಳ ಜೊತೆ ಮಾಯಕ್ಕ ಏರು ಹತ್ತಿದಳು. ನೀರು ಕೇಳಿದಳು. ಸಂಜೆ ಆ ಮನೆಯ ಪಡಸಾಲೆಗೆ ಅಕ್ಕಪಕ್ಕದವರೆಲ್ಲ ಬಂದು ಕುಳಿತರು. ನಿನ್ನ ಊರು ಹೇಗಿದೆ ಎಂದು ಕೇಳಿದರು. ಅವಳು ಬೆಂಕಿ ಕಡ್ಡಿಪೆಟ್ಟಿಗೆ ಇಸಿದುಕೊಂಡು ನೆಲದ ಮೇಲೆ ಕಡ್ಡಿಗಳನ್ನು ಜೋಡಿಸಿದಳು. ಇದು ಘಟಪ್ರಭೆ, ಇದು ಮಾರ್ಕಂಡೇಯ, ಇದು ಮಲಪ್ರಭೆ. ಈ ದಂಡೆಯಿಂದ ಆ ದಂಡೆಗೆ ಕುರಿ ದಾಟಿಸಲು ಎಷ್ಟು ಹೊತ್ತು ಎಂದು ಒಬ್ಬ ಕೇಳಿದ. ನೀರು ಏರಿದರೆ ಮರಿಗಳನ್ನು ಏನು ಮಾಡುತ್ತೀರಿ ಎಂದು ಮುದುಕಿ ಕೇಳಿದಳು. ಇದು ಯಾರ ಹೊಲ, ಇದರ ಆಚೆ ಏನಿದೆ, ಅದರ ಆಚೆ? ಹೇಳುತ್ತ ಹೋದಂತೆ ಕಡ್ಡಿಗಳು ಮುಗಿದವು. ಯಾರೋ ಎದ್ದು ಒಳಗೆ ಹೋಗಿ ಇನ್ನೊಂದು ಪೆಟ್ಟಿಗೆ ತಂದರು.