ಕೊರಳ ಕೀಲಿಕೈ

ನನ್ನ ದೊಡ್ಡಮ್ಮ ಬರುತ್ತಿದ್ದಾರೆಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಔಷಧದ ಬೀರುವಿನ ಕೀಲಿಕೈ ಗೊಂಚಲನ್ನು ಬಿಳಿ ಲಾಡಿಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಎಡಗಾಲನ್ನು ಕೊಂಚ ಎಳೆಯುತ್ತ, ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವರು ಬರುವಾಗ ಆ ಗೊಂಚಲು ಹೆಜ್ಜೆಹೆಜ್ಜೆಗೂ ಗಲಗಲಿಸುತ್ತಿತ್ತು. ಹರಟುತ್ತಿದ್ದ ನರ್ಸುಗಳು ಬಾಯಿ ಮುಚ್ಚಿಕೊಂಡು ತಂತಮ್ಮ ರೋಗಿಗಳತ್ತ ಚದುರುತ್ತಿದ್ದರು. ವಾರ್ಡಿಗೆಲ್ಲ ಅವರು ದೊಡ್ಡ ಸಿಸ್ಟರ್. ಪಾಳಿ ಮುಗಿದಾಗ ಮಾತ್ರೆ, ಚುಚ್ಚುಮದ್ದುಗಳನ್ನೆಲ್ಲ ಒಪ್ಪಿಸಿ, ಮುಂದಿನ ಪಾಳಿಯವಳಿಂದ ಸಹಿ ಹಾಕಿಸಿಕೊಂಡಲ್ಲದೆ ಆ ಲಾಡಿ ಅವರ ಕೊರಳು ಬಿಡುತ್ತಿರಲಿಲ್ಲ. ಒಮ್ಮೆ ಆಸ್ಪತ್ರೆಯ ಮುಖ್ಯಸ್ಥರೇ ಕೈ ಚಾಚಿದಾಗಲೂ "ಮೊದ್ಲು ಸಹಿ ಹಾಕಿ ಸಾರ್" ಎಂದವರು ಅವರು.

ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲ ಸಂಬಳದ ದಿನ ಅವರದು ಒಂದೇ ಪ್ರಶ್ನೆ: "ಬ್ಯಾಂಕ್ ಕಾರ್ಡು ಯಾರ ಹತ್ರ ಇದೆ?" ಅಪ್ಪನ ಹತ್ತಿರ, ಅಣ್ಣನ ಹತ್ತಿರ, ಮನೆಯವರ ಹತ್ತಿರ ಎಂಬ ಉತ್ತರ ಬಂದರೆ ದೊಡ್ಡಮ್ಮನ ಮೂಗಿನ ತುದಿ ಕೆಂಪೇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರೂ ತಮ್ಮ ಕಾರ್ಡನ್ನು ದೊಡ್ಡಪ್ಪನ ಜೇಬಿಗೆ ಒಪ್ಪಿಸಿ, ಅದನ್ನೇ ಸಂಸಾರವೆಂದು ನಂಬಿದ್ದವರು. ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದಾಗ ಬಸ್ ಚಾರ್ಜಿಗಾಗಿ ಗಂಡನ ಮುಂದೆ ನಿಂತು, "ಹೋದ್ವಾರ ತಾನೆ ಕೊಟ್ಟಿದ್ನಲ್ಲ?" ಎಂಬ ಮಾತು ಕೇಳಿಸಿಕೊಂಡರು. ದುಡಿದವಳು ಇವಳು, ಕೊಟ್ಟವನು ಅವನು! ಇಂಥ ದಾನಶೂರರು ಮನೆಮನೆಯಲ್ಲೂ ಇದ್ದಾರೆ. ಅವರಿಗೆ ನಾವು ಕೃತಜ್ಞತೆ ತೋರುವುದು ಬೇರೆ ಕೇಡು.

ತವರಿನಿಂದ ಹಿಂದಿರುಗಿದವರೇ ಕಾರ್ಡು ವಾಪಸು ಕೇಳಿದರು. "ನನ್ಮೇಲೆ ನಂಬಿಕೆ ಇಲ್ವಾ?" ಎಂದು ದೊಡ್ಡಪ್ಪ ಮುಖ ಊದಿಸಿಕೊಂಡರಂತೆ.

"ವಾರ್ಡಲ್ಲಿ ಎಲ್ರ ಮೇಲೂ ನಂಗೆ ನಂಬಿಕೆ ಇದೆ. ಆದ್ರೂ ಕೀಲಿಕೈ ನನ್ ಕೊರಳಲ್ಲೇ ಇರುತ್ತೆ. ಕೊಡಿ."

ಅಂದಿನಿಂದ ಸಂಬಳ ಬಂದ ಕೂಡಲೇ ಒಂದು ಪಾಲು ಅವರ ಹೆಸರಿನ ಉಳಿತಾಯಕ್ಕೆ. ಬಾಡಿಗೆ, ದಿನಸಿ ಎಲ್ಲ ಆಮೇಲೆ. ಮಿಕ್ಕಿದ್ದನ್ನು ಉಳಿಸುತ್ತೇನೆಂದು ಕಾದವರಿಗೆ ಎಂದೂ ಮಿಕ್ಕುವುದಿಲ್ಲವೆಂಬುದು ಅವರ ಸಿದ್ಧಾಂತವಾಗಿತ್ತು. ಮೊಣಕೈಗೆ ತೇಪೆ ಹಾಕಿದ ಅವರ ನೀಲಿ ಸ್ವೆಟರನ್ನು ನೋಡಿ ನೆಂಟರು ಜಿಪುಣಿ ಎಂದರು. ಆ ನೆಂಟರೇ ಕೈ ಖಾಲಿಯಾದಾಗ ಬಂದು ಬಾಗಿಲು ತಟ್ಟುತ್ತಿದ್ದರು, ಆ ಮಾತು ಬೇರೆ.

ಪುಟ್ಟಿ ಎಂದು ವಾರ್ಡೆಲ್ಲ ಕರೆಯುತ್ತಿದ್ದ ಎಳೆಯ ನರ್ಸಿಗೆ ಹೆರಿಗೆ ಶುಶ್ರೂಷೆಯ ಉನ್ನತ ತರಬೇತಿಗೆ ಸೀಟು ಸಿಕ್ಕಿತು. ಶುಲ್ಕ ಕಟ್ಟಲು ಮರುದಿನವೇ ಕಡೆ. ಕಾರ್ಡು ಗಂಡನ ಬಳಿ, ಅವನೋ "ಇನ್ಯಾಕೆ ಓದು?" ಎಂದು ಮಾತು ಮುಗಿಸಿದ್ದ. ದೊಡ್ಡಮ್ಮ ಅವಳನ್ನು ಕರೆದುಕೊಂಡು ಬ್ಯಾಂಕಿಗೆ ನಡೆದರು. ಅಂದು ಅವರನ್ನು ಕಾಣಲು ವಾರ್ಡಿಗೆ ಬಂದಿದ್ದ ನಾನೂ ಜೊತೆಗಿದ್ದೆ. ಕೌಂಟರಿನ ಮಹಾಶಯ ಗುರುತಿನ ಚೀಟಿ ನೋಡಿದ, ಸಹಿ ತಾಳೆ ನೋಡಿದ, ಎಲ್ಲ ಸರಿಯಿದ್ದೂ, "ಮೊತ್ತ ದೊಡ್ಡದಮ್ಮ, ಮನೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ" ಎಂದ.

"ಖಾತೆ ಯಾರ ಹೆಸರಲ್ಲಿದೆ?" ಎಂದರು ದೊಡ್ಡಮ್ಮ.

"ಇವರದೇ."

"ಇವಳ ಗಂಡ ದುಡ್ಡು ತೆಗೆಯೋವಾಗ ಒಂದ್ಸಲನಾದ್ರೂ ಇವಳನ್ನ ಕರ್ಕೊಂಡು ಬಾ ಅಂದಿದ್ರಾ?"

ಸರದಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಮಹಾಶಯ ಹಣ ಎಣಿಸಿ ಕೊಟ್ಟ. ಪುಟ್ಟಿ ತನ್ನ ಕೈಯಾರೆ ಬರೆದುಕೊಟ್ಟು ಹಳೆಯ ಕಾರ್ಡನ್ನು ರದ್ದು ಮಾಡಿಸಿದಳು. ಅಲ್ಲಿಂದ ನೇರವಾಗಿ ಹೋಗಿ ಶುಲ್ಕ ಕಟ್ಟಿ ಬಂದೆವು.

ಸಂಜೆ ಅವಳ ಗಂಡ ವಾರ್ಡಿನ ಬಾಗಿಲಿಗೇ ಬಂದು, ಕಾರ್ಡು ನಡೆಯುತ್ತಿಲ್ಲವೆಂದು ಕೂಗಾಡಿದ. ದೊಡ್ಡಮ್ಮ ಕುಳಿತಲ್ಲಿಂದ ಏಳಲಿಲ್ಲ. ಆಗ ಪಾಳಿ ಪುಟ್ಟಿಯದು, ಕೀಲಿಕೈ ಅವಳ ಕೊರಳಲ್ಲಿತ್ತು. ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅವಳು, "ಅದು ನನ್ನ ಕಾರ್ಡು ಕಣ್ರೀ. ನಾನೇ ನಿಲ್ಲಿಸ್ದೆ. ಫೀಸು ಕಟ್ಟಿದೀನಿ" ಎಂದಳು. ಧ್ವನಿ ನಡುಗುತ್ತಿತ್ತು, ಆದರೂ ಮಾತು ಪೂರ್ತಿಯಾಯಿತು.

ಇಂಥ ಹೆಂಗಸರನ್ನು ಲೋಕ ಲೆಕ್ಕಾಚಾರದವರು, ಕಲ್ಲೆದೆಯವರು ಎನ್ನುತ್ತದೆ. ಅದೇ ಲೆಕ್ಕವನ್ನು ಗಂಡಸು ಇಟ್ಟರೆ ಜವಾಬ್ದಾರಿಯೆಂದು ತಲೆದೂಗುತ್ತದೆ. ನನಗೆ ಮೈ ಉರಿಯುವುದು ಇಲ್ಲಿಯೇ. ತಮ್ಮ ಪ್ರಾಣವನ್ನೇ ಈ ನರ್ಸುಗಳ ಕೈಗೆ ನಿಶ್ಚಿಂತೆಯಿಂದ ಒಪ್ಪಿಸಿ ಮಲಗುವ ಜನಕ್ಕೆ, ಇವರದೇ ಸಂಬಳವನ್ನು ಇವರ ಕೈಯಲ್ಲಿ ಬಿಡಲು ಮಾತ್ರ ಧೈರ್ಯ ಸಾಲುವುದಿಲ್ಲ.