ಮೇಲಿನ ರಾಡು, ಕೆಳಗಿನ ರಾಡು

ಹಿಂದಿನ ರಾತ್ರಿ ಡೈರಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ನಾನು ಸುಳ್ಳುಗಾತಿ ಆಗ್ತಿದ್ದೀನೇನೋ.’

ಭಾರೀ ಸುಳ್ಳೇನಲ್ಲ. ಕಟ್ಟಿಕೊಂಡ ಪೈಪು ಬಿಡಿಸುವುದೇ ಕಸುಬಾದ ಅಪ್ಪನಿಗೂ, ಅವನ ಜೊತೆಗೆ ದುಡಿಯುವ ಸೋದರಮಾವನಿಗೂ ಎಂಟು ದಿನದಿಂದ ಮಾತಿಲ್ಲ. ಅಪ್ಪನ ಹೊಸ ಕೈಗವಸನ್ನು ಮಾವ ಕೇಳದೆ ಹಾಕಿಕೊಂಡು ಹರಿದದ್ದೇ ಕಾರಣ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅವಳ ಪಾಲಿಗೆ ಇಬ್ಬರ ನಡುವೆ ಮಾತು ಹೊರುವ ಕೆಲಸ ಬಂತು. ಖಾರದ ಮಾತೋ, ಅವಳ ನಾಲಿಗೆಗೆ ಒಗ್ಗದು. ‘ಆ ಕೋಣನಿಗೆ ಹೇಳು’ ಎಂದು ಅಪ್ಪ ಕಳಿಸಿದ್ದು ಮಾವನನ್ನು ತಲುಪುವಷ್ಟರಲ್ಲಿ ‘ಅಪ್ಪ ವಿಚಾರಿಸಿದ್ರು’ ಆಗಿರುತ್ತಿತ್ತು.

ಇವತ್ತು ಕಟ್ಟಿದ್ದು ಒಂದು ಕಾಂಪ್ಲೆಕ್ಸಿನ ಪೈಪು. ಮೊದಲ ಮಹಡಿಯ ಹಲ್ಲಿನ ಡಾಕ್ಟರ ಬಳಿ ಬಂದವರು, ಬಾಯಿ ಮುಕ್ಕಳಿಸಿ ಉಗಿಯಲು ಜಾಗವಿಲ್ಲದೆ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು.

ಎರಡನೇ ಮಹಡಿಯ ಬಚ್ಚಲಿಂದ ಅಪ್ಪ, ಮೆಟ್ಟಿಲಲ್ಲಿದ್ದ ಅವಳಿಗೆ ಕೂಗಿ ಹೇಳಿದ: “ಮೇಲಿಂದ ನಾನು ರಾಡು ಬಿಡ್ತಿದ್ದೀನಿ. ಕೆಳಗೆ ಅವನು ಏನೂ ಮುಟ್ಟಕೂಡದು ಅಂತ ಹೇಳು. ಮುಟ್ಟಿದ್ರೆ ಕೈ ಮುರೀತೀನಿ!”

ಅವಳು ಇಳಿದು ಹೋದಾಗ, ಹಿತ್ತಲಲ್ಲಿ ಪೈಪಿನ ನೀರು ಬಂದು ಬೀಳುವ ಚೇಂಬರಿನ ಮುಚ್ಚಳ ತೆಗೆದು ಕೂತಿದ್ದ ಮಾವ ತಲೆ ಎತ್ತಿದ. “ಏನಂತೆ ನಿಮ್ಮಪ್ಪಂದು?”

“ನಿಮಗೆ ಸುಸ್ತಾಗಿರಬೇಕಂತೆ ಮಾವ. ಸ್ವಲ್ಪ ಕೂತ್ಕೋಬೇಕಂತೆ.”

“ಸುಸ್ತಾ? ನನಗಾ? ಅವರಿಗಿಂತ ಹತ್ತು ವರ್ಷ ಚಿಕ್ಕೋನು ಕಣೇ ನಾನು!” ಎದ್ದವನೇ ಮಾವ, ತುದಿ ಸುರುಳಿಯಾದ ಇನ್ನೊಂದು ಉದ್ದ ರಾಡನ್ನು ಚೇಂಬರಿನಿಂದ ಪೈಪಿನೊಳಕ್ಕೆ ತೂರಿಸಿದ.

ಸ್ವಲ್ಪ ಹೊತ್ತಿಗೆ ಮೇಲಿಂದ “ಸಿಕ್ತು! ಕಲ್ಲಿನಂಗಿದೆ!” ಎಂಬ ಕೂಗು. ಕೆಳಗಿಂದಲೂ “ಸಿಕ್ತು!” ಅಪ್ಪ ನೂಕಿದರೆ ಮಾವನ ರಾಡು ಮೊಳ ಹಿಂದೆ ಬರುತ್ತಿತ್ತು, ಮಾವ ನೂಕಿದರೆ ಅಪ್ಪನದು. ಇಬ್ಬರೂ ಹಲ್ಲು ಕಚ್ಚಿ ನೂಕಿದ್ದೇ ನೂಕಿದ್ದು. ಮತ್ತೆ ನಡುವಿನ ಮೆಟ್ಟಿಲಿಗೆ ಬಂದಿದ್ದ ಅವಳು ಪೈಪು ಹಾದ ಗೋಡೆಗೆ ಕಿವಿಯಿಟ್ಟಳು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಿಣಿಕಿಣಿ. ಎರಡು ರಾಡುಗಳ ಸುರುಳಿ ತುದಿ ಹೆಣೆದುಕೊಂಡು, ಕಸವನ್ನೆಲ್ಲ ನಡುವೆ ಬಿಗಿಹಿಡಿದಿವೆ!

ಅಷ್ಟರಲ್ಲಿ ಕಾಂಪ್ಲೆಕ್ಸಿನ ಮ್ಯಾನೇಜರು ಗಾರೆಯವನನ್ನೇ ಕರೆತಂದರು. “ಸಾಕು ನಿಮ್ಮ ಕಸರತ್ತು. ಪೈಪು ಹಾದಿರೋ ಡಾಕ್ಟರ ಗೋಡೆ ಒಡೆಸ್ತೀನಿ. ಮುಂದಿನ ಸಲ ಬೇರೆಯವರನ್ನ ಕರೀತೀನಿ.”

ಅಪ್ಪ ಇಳಿದು ಬಂದ, ಮಾವ ಹತ್ತಿ ಬಂದ. ಇಬ್ಬರೂ ನೋಡಿದ್ದು ಅವಳ ಮುಖವನ್ನೇ.

“ನಿನ್ನ ಮಾವನಿಗೆ ಹೇಳು, ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಯ್ತು ಅಂತ.”

“ನಿಮ್ಮಪ್ಪನಿಗೆ ಹೇಳು, ನನಗೆ ಸುಸ್ತು ಅಂದೋರು ತಾವೇ ಬೆವರು ಒರೆಸ್ಕೊಳ್ಳಲಿ ಅಂತ.”

“ಸುಸ್ತು ಅಂದೋರು ಯಾರಂತೆ?”

ಗಾರೆಯವನು ಸುತ್ತಿಗೆ ಎತ್ತಿದ. ಅವಳ ಗಂಟಲಿಂದ, ಅವಳೇ ಬೆಚ್ಚುವಷ್ಟು ದೊಡ್ಡ ದನಿ ಹೊರಟಿತು:

“ಒಡೀಬೇಡಿ, ಬಿಡಿಸಿದ್ರೆ ಬರುತ್ತೆ! ಮಾವ, ಅಪ್ಪ ಸುಸ್ತು ಅನ್ನಲೇ ಇಲ್ಲ. ಮುಟ್ಟಿದ್ರೆ ಕೈ ಮುರೀತೀನಿ ಅಂದ್ರು. ನಾನೇ ಬದಲಾಯಿಸಿ ಹೇಳ್ದೆ. ಈಗ ಪೈಪಲ್ಲಿ ಸಿಕ್ಕಾಕೊಂಡಿರೋದು ನಿಮ್ಮಿಬ್ಬರ ರಾಡುಗಳೇ!”