ಮಾನವಮಿ ಅಮಾಸಿಯ ಗಡುವು

ಹೇಳಬಾರದ ಜಾಗದ ಸಂಗತಿ ಇದು. ಹಿರಿಯರು, ಹೆಣ್ಣುಮಕ್ಕಳು ಓದುವ ಪುಟದಲ್ಲಿ ಇದನ್ನು ತರಬಹುದೇ ಎಂಬ ಅಳುಕು ಕೊನೆಯ ಸಾಲಿನವರೆಗೂ ಹೋಗಲಿಲ್ಲ. ಮರೆಮಾಚಿ ಹೇಳಿದರೆ ಹುಲುಗಪ್ಪನ ನೋವು ನಗೆಪಾಟಲಾಗುತ್ತದೆ, ಪೂರಾ ಬಿಚ್ಚಿ ಹೇಳಿದರೆ ಮರ್ಯಾದೆ ಮೀರುತ್ತದೆ. ಎಲ್ಲಿಯಾದರೂ ಮಾತು ಜಾರಿದ್ದರೆ ಓದುವವರು ಮನ್ನಿಸಬೇಕು.

ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಬಸ್ಸಿನಲ್ಲಿ ಹಿಂದಿನ ಸಾಲಿನ ಎರಡು ಸೀಟು ಖಾಲಿ ಇದ್ದವು. ಹುಲುಗಪ್ಪ ಕೂರಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲವನ್ನು ತೊಡೆಗಳ ಮುಂದೆ ಅಡ್ಡ ಹಿಡಿದು ನಿಂತಿದ್ದ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಏನಲೇ ಲಸ್ಕರ್, ಸೀಟು ಖಾಲಿ ಐತಿ, ಕುಂದ್ರಾಕ ಏನಾಗೈತಿ?" ಮುಂದಿನ ಸೀಟಿನಿಂದ ಮೂಕಣ್ಣ ತಿರುಗಿ ಕೇಳಿದ. ನೀರಾವರಿ ಇಲಾಖೆಯ ಲಸ್ಕರ್ ಆಗಿ ಹುಲುಗಪ್ಪ ಗೇಟು ಎತ್ತಿ ಇಳಿಸುವ ಉಪಕಾಲುವೆಯ ಬಾಲದಲ್ಲಿ ಮೂಕಣ್ಣನ ನಾಲ್ಕೆಕರೆ ಭತ್ತದ ಗದ್ದೆ ಇತ್ತು.

"ಹರ್ನಿಯಾ ಆಪರೇಷನ್ ಆಗೈತಣ್ಣ. ಕುಂತ್ರ ಹೊಲಿಗಿ ಎಳೀತೈತಿ."

"ಹರ್ನಿಯಾನಾ? ಅಷ್ಟಕ್ಕ ಬೆಂಗಳೂರಿಗೆ ಹೋಗಿದ್ದೇನು? ನಿನ್ನ ಜಾಗಕ್ಕ ಬಂದಾವ ಮ್ಯಾಲಿನ ಕ್ಯಾಂಪಿನ ಆಂಧ್ರದವರಿಗೆ ಹಗಲೆಲ್ಲ ನೀರು ಬಿಡ್ತಾನ, ನಮ್ಮ ಕಡಿ ಹೊಳ್ಳಿ ನೋಡಂಗಿಲ್ಲ." ಮೂಕಣ್ಣ ಪಕ್ಕದವನ ಮೊಣಕೈ ತಿವಿದ. "ಹೋಗ್ಲಿ ಬಿಡು, ಅಮಾಸಿ ಹೊತ್ತಿಗರ ಎದ್ದು ನಿಂದ್ರತೀಯೋ ಇಲ್ಲೋ?"

ಪಕ್ಕದವನು ಕಿಸಕ್ಕನೆ ನಕ್ಕ. ಕಂಡಕ್ಟರನೂ ಟಿಕೆಟ್ ಹರಿಯುತ್ತ ತಲೆ ತಗ್ಗಿಸಿ ನಕ್ಕ. ಅಮಾಸಿಯ ಸುದ್ದಿ ಕಾಲುವೆಯ ಗುಂಟ ಎಲ್ಲ ಊರಿಗೂ ಹರಿದಿತ್ತು. ಹುಲುಗಪ್ಪ ಕಿಟಕಿಯ ಆಚೆ ನೋಡಿದ. ಎರಡೂ ಕಡೆ ಹಸಿರು, ನಾಟಿ ಮುಗಿದ ಗದ್ದೆ, ಮೊಣಕಾಲುದ್ದ ನೀರಿನಲ್ಲಿ ಕಳೆ ಕೀಳುವ ಹೆಂಗಸರ ಬಾಗಿದ ಬೆನ್ನುಗಳು.

ನಾಲ್ಕು ವರ್ಷದ ಹಿಂದಿನವರೆಗೆ ಈ ಕಾಲುವೆಯ ದಂಡೆಯ ಮೇಲೆ ಅವನ ಸೈಕಲ್ಲಿನ ಗಂಟೆ ಕೇಳಿದರೆ ರೈತರು ಎದ್ದು ನಿಂತು ಮಾತಾಡಿಸುತ್ತಿದ್ದರು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಒಂದೇ ಸಮ ಮಳೆ ಹಿಡಿದು ಕಾಲುವೆ ಉಕ್ಕಿದಾಗ ಗೇಟು ಇಳಿಸಲು ಹತ್ತಿದವನು ಒದ್ದೆ ಹಲಗೆಯಿಂದ ಜಾರಿ, ಕೆಳಗಿನ ಕಾಂಕ್ರೀಟ್ ತೊಲೆಯ ಮೇಲೆ ಕಾಲು ಕವಲಾಗಿ ಬಿದ್ದ. ಸೊಂಟದ ಎಲುಬು ಮುರಿಯಿತು. ಎಲುಬು ಕೂಡಿತು, ನಡೆಯಲು ಬಂತು, ಸೈಕಲ್ ಹತ್ತಲೂ ಬಂತು. ಒಂದು ಮಾತ್ರ ತಿರುಗಿ ಬರಲಿಲ್ಲ. ಮೊದಲ ವರ್ಷ ಹೆಂಡತಿ ಹೊನ್ನೂರಮ್ಮ "ಆಗತೈತಿ ಬಿಡು, ದೇಹಕ್ಕ ದಣಿವು" ಎಂದಳು. ಎರಡನೇ ವರ್ಷ ಸುಮ್ಮನಾದಳು. ಮೂರನೇ ವರ್ಷ ತವರಿಗೆ ಹೋದಾಗ ತಾಯಿಯ ಮುಂದೆ ಅತ್ತಳು. ತಾಯಿಯಿಂದ ಅಣ್ಣ ಎರ್ರಿಯಪ್ಪನಿಗೆ ಗೊತ್ತಾಯಿತು.

ಈ ವರ್ಷ ಮಣ್ಣೆತ್ತಿನ ಅಮಾಸಿಯ ದಿನ ಎರ್ರಿಯಪ್ಪ ಕುಲದ ಕಟ್ಟೆಯ ಮುಂದೆ ನಿಂತು, "ನನ್ನ ತಂಗಿಗೆ ಬಿಡುಗಡಿ ಬೇಕು. ಇಪ್ಪತ್ತೇಳು ವರ್ಷದ ಹುಡುಗಿ, ಗಂಡಸಲ್ಲದವನ ಮನ್ಯಾಗ ಎಷ್ಟು ದಿನ ಇರಬೇಕು?" ಎಂದ. ಬಿಡುಗಡೆ ಎಂದರೆ ಹೆಂಡತಿಯ ಕಡೆಯವರು ಕಟ್ಟೆಯ ಮುಂದೆ ವೀಳ್ಯದೆಲೆಯೊಂದನ್ನು ಎರಡು ಸೀಳಾಗಿ ಹರಿಯುವುದು. ಆಮೇಲೆ ಅವಳು ಬೇರೊಬ್ಬನೊಡನೆ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಳ್ಳಬಹುದು. ಗಂಗಾವತಿಯ ಕಡೆ ಹೆಂಡತಿ ಸತ್ತ ಒಬ್ಬನನ್ನು ಎರ್ರಿಯಪ್ಪ ನೋಡಿಯೂ ಇದ್ದ.

ಕುಲದ ಯಜಮಾನ ಮುದುಕಪ್ಪ ಕಟ್ಟೆಯ ಪದ್ಧತಿಯಂತೆ ಮೂರು ಅಮಾಸಿಯ ಗಡುವು ಕೊಟ್ಟ. ನಾಗರ ಅಮಾಸಿ ಒಂದು, ಬೆನಕನ ಅಮಾಸಿ ಎರಡು, ಮಾನವಮಿ ಅಮಾಸಿ ಮೂರು. ಅಲ್ಲಿಯವರೆಗೆ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರಬೇಕು. ಮೂರನೆಯ ಅಮಾಸಿಗೆ ಹೆಂಡತಿಯನ್ನು ಒಂದೇ ಮಾತು ಕೇಳುತ್ತಾರೆ, ಇವನು ಗಂಡಸು ಹೌದೋ ಅಲ್ಲವೋ ಎಂದು. ಅವಳು ಅಲ್ಲ ಎಂದರೆ ಎಲೆ ಹರಿಯುತ್ತದೆ. ಹೌದು ಎಂದರೆ ಆ ಕಟ್ಟೆಯ ಮುಂದೆ ಆ ಮಾತನ್ನು ಮತ್ತೆಂದೂ ಎತ್ತುವ ಹಾಗಿಲ್ಲ.

ಹುಲುಗಪ್ಪ ತನ್ನ ಸೆಕ್ಷನ್ ಆಫೀಸರಿಗೆ ಅಳುತ್ತ ಹೇಳಿಕೊಂಡಾಗ ಅವರು ತುಂಗಭದ್ರಾ ಡ್ಯಾಮಿನ ಊರಿನಲ್ಲಿ ತಮಗೆ ಪರಿಚಯದ ಡಾಕ್ಟರ ಹತ್ತಿರ ಕಳಿಸಿದರು. ಆ ಡಾಕ್ಟರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಡಾಕ್ಟರು ಮೇಜಿನ ಮೇಲೆ ಎರಡು ಬಿಳಿಯ ಕಡ್ಡಿ ಇಟ್ಟು ತೋರಿಸಿದರು. ಬೆರಳಿಗಿಂತ ಸಣ್ಣ, ಮೇಲೆ ರಬ್ಬರಿನಂಥ ಸಿಲಿಕಾನು, ಒಳಗೆ ಬೆಳ್ಳಿಯ ತಂತಿ. ಬಗ್ಗಿಸಿದ ಕಡೆ ಬಗ್ಗಿ ನಿಲ್ಲುತ್ತಿದ್ದವು. ಇವನ್ನು ಒಳಗೆ ಕೂರಿಸುತ್ತೇವೆ, ಗಟ್ಟಿತನ ಯಾವಾಗಲೂ ಇರುತ್ತದೆ, ಬೇಕಾದಾಗ ಮೇಲಕ್ಕೆ, ಬೇಡವಾದಾಗ ಕೆಳಕ್ಕೆ ಬಗ್ಗಿಸಿಕೊಳ್ಳಬೇಕು ಎಂದರು. "ಆರು ವಾರ ಹೆಂಡತಿಯ ಹತ್ತಿರ ಹೋಗಬಾರದು. ಗಾಯ ಮಾಗದೆ ಹೋದರೆ ಕೀವಾಗುತ್ತದೆ. ಕೀವಾದರೆ ತೆಗೆಯಲೇಬೇಕು. ಒಮ್ಮೆ ತೆಗೆದರೆ ಮತ್ತೆ ಹಾಕುವುದು ಕಷ್ಟ. ಹೆಂಡತಿಯನ್ನು ಯಾಕೆ ಕರೆದುಕೊಂಡು ಬಂದಿಲ್ಲ? ಅವರಿಗೂ ಹೇಳಬೇಕಲ್ಲ?"

"ಆಕಿಗೆ ಎಲ್ಲಾ ಗೊತ್ತೈತ್ರಿ ಸಾರ್. ತವರಾಗ ಅದಾಳ," ಎಂದು ಹುಲುಗಪ್ಪ ಸುಳ್ಳು ಹೇಳಿದ.

ಪಿ.ಎಫ್. ಹಣ ಕೈಗೆ ಬಂದು, ಆಸ್ಪತ್ರೆಯವರು ತಾರೀಕು ಕೊಡುವಷ್ಟರಲ್ಲಿ ಬೆನಕನ ಅಮಾಸಿಯೂ ದಾಟಿತ್ತು. ಆಪರೇಷನ್ ಆದ ದಿನ ವಾರ್ಡಿನ ಕ್ಯಾಲೆಂಡರ್ ನೋಡಿ ಬೆರಳೆಣಿಸಿದ. ಆರು ವಾರ ಎಂದರೆ ನಲವತ್ತೆರಡು ದಿನ. ಮಾನವಮಿ ಅಮಾಸಿ ಇಪ್ಪತ್ತಾರನೇ ದಿನಕ್ಕೆ ಬೀಳುತ್ತಿತ್ತು. ಇನ್ನೊಂದು ಅಮಾಸಿ ತಡೆಯಿರಿ ಎಂದು ಮುದುಕಪ್ಪನನ್ನು ಕೇಳಬಹುದಿತ್ತು. ಯಾಕೆ ಎಂದು ಅವನು ಕೇಳಿದರೆ ಹೇಳಬೇಕಾಗುತ್ತಿತ್ತು. ಕಟ್ಟೆಯ ಮೇಲೆ ಹನ್ನೆರಡು ಮಂದಿ ಗಂಡಸರು, ಸುತ್ತ ಅರ್ಧ ಊರು. ಹುಲುಗಪ್ಪನಿಗೆ ಆ ಕಡ್ಡಿಗಳ ಮಾತನ್ನು ಅವರ ಮುಂದೆ ಆಡುವುದಕ್ಕಿಂತ ಗಾಯ ಮಾಗೀತು ಎಂದು ನಂಬುವುದೇ ಹಗುರವೆನಿಸಿತು.

ಇಲಾಖೆಯ ಕ್ವಾರ್ಟರ್ಸು ಕಾಲುವೆಯ ದಂಡೆಯ ಮೇಲೇ ಇತ್ತು. ಒಂದು ಕೋಣೆ, ಒಂದು ಪಡಸಾಲೆ. ಹೊನ್ನೂರಮ್ಮ ಬಾಗಿಲಲ್ಲಿ ನಿಂತು ಅವನ ಕೈಚೀಲ ತೆಗೆದುಕೊಂಡಳು.

"ಯಾವ ಕಡಿ ಹರ್ನಿಯಾ?" ಎಂದಳು.

"ಬಲಕ್ಕ."

"ಹೋಗುವಾಗ ಎಡಕ್ಕ ಅಂದಿದ್ದಿ," ಎಂದು ಅವಳು ಒಳಗೆ ಹೋಗಿ ನೀರು ತಂದಳು. ಮರುದಿನದಿಂದ ಅವನಿಗೆ ಬಿಸಿನೀರು ಕಾಯಿಸಿಟ್ಟಳು, ಮೆತ್ತಗೆ ಅನ್ನ ಮಾಡಿದಳು, ರಾತ್ರಿ ಪಡಸಾಲೆಯಲ್ಲಿ ಬೇರೆ ಹಾಸಿಕೊಂಡಳು. ಗಡುವಿನ ಮನೆಯಲ್ಲಿ ಜಗಳವೇನೂ ಇರಲಿಲ್ಲ. ಇಬ್ಬರೂ ಬಸ್ಸು ಕಾಯುವವರ ಹಾಗೆ ಇದ್ದರು.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ಊಟವಾದ ಮೇಲೆ ಹುಲುಗಪ್ಪ ಎದ್ದು ಬಾಗಿಲು ಹಾಕಿದ. ಅಕ್ಕಿ ಆರಿಸುತ್ತಿದ್ದ ಹೊನ್ನೂರಮ್ಮ ತಲೆ ಎತ್ತಿದಳು.

"ಅಮಾಸಿ ನಾಲ್ಕು ದಿನ ಐತಿ," ಎಂದ ಅವನು.

"ಗೊತ್ತೈತಿ."

"ನೀ ಅಲ್ಲಿ ಸುಳ್ಳು ಹೇಳೋದು ಬ್ಯಾಡ. ಖರೇನ ಹೇಳುವಂತಿ. ಬಾ."

ಅವಳು ಮೊರ ಪಕ್ಕಕ್ಕಿಟ್ಟು ಬಂದಳು. ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ಬೆಂಕಿ ತಾಗಿದಂತೆ ಹಿಂದಕ್ಕೆ ಬಂತು.

"ಯವ್ವಾ, ಇದೇನಿದು? ಒಳಗ ಏನು ಇಟ್ಟಾರ ನಿನಗ?"

ಹುಲುಗಪ್ಪ ಗೋಡೆ ನೋಡುತ್ತ ಹೇಳಿದ. ಹರ್ನಿಯಾ ಅಲ್ಲ ಎಂದ, ಕಡ್ಡಿ ಎಂದ, ಬೆಳ್ಳಿಯ ತಂತಿ ಎಂದ, ಎಷ್ಟೋ ಮಂದಿ ದೊಡ್ಡವರೇ ಮಾಡಿಸಿಕೊಳ್ಳುತ್ತಾರಂತೆ ಎಂದ. ಆರು ವಾರದ ಮಾತನ್ನು ಮಾತ್ರ ಹೇಳಲಿಲ್ಲ. ಹೊನ್ನೂರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಇದರಿಂದ ಕೂಸು ಆಗತೈತೇನು?" ಎಂದಳು ಕೊನೆಗೆ.

ಬೆಂಗಳೂರಿನಲ್ಲಿ ಹುಲುಗಪ್ಪ ಎಷ್ಟೆಲ್ಲ ಕೇಳಿದ್ದ. ಲುಂಗಿಯಲ್ಲಿ ಕಾಣುತ್ತದೆಯೇ, ಸೈಕಲ್ ತುಳಿಯಬಹುದೇ, ಮುರಿಯುತ್ತದೆಯೇ, ಸತ್ತ ಮೇಲೆ ಸುಡುವಾಗ ಏನಾಗುತ್ತದೆ ಎಂದು ಕೂಡ ಕೇಳಿದ್ದ. ಇದೊಂದನ್ನು ಕೇಳಿರಲಿಲ್ಲ.

"ಆಗತೈತಿರಬೇಕು," ಎಂದ.

"ಕೇಳಲಿಲ್ಲ ನೀನು."

"ಇಲ್ಲ."

"ನನ್ನೂ ಕೇಳಲಿಲ್ಲ," ಎಂದಳು. ಸಿಟ್ಟಿನಿಂದ ಹೇಳಿದ ಹಾಗಿರಲಿಲ್ಲ. ಆಮೇಲೆ ಬಾಗಿಲ ಚಿಲಕ ಬಿದ್ದಿದೆಯೇ ಎಂದು ಒಮ್ಮೆ ನೋಡಿ, ಚಾಪೆಯ ಮೇಲೆ ಮಲಗಿ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಳು.

ನೋವಿಗೆ ಹುಲುಗಪ್ಪ ತನ್ನ ಟವೆಲನ್ನು ಕಚ್ಚಿ ಹಿಡಿದ. ಆದದ್ದು ಒಂದು ಸಲ, ಅರ್ಧ ಗಳಿಗೆ. ಏಳುವಾಗ ಚಾಪೆಯ ಮೇಲೆ ರಕ್ತವಿತ್ತು. ಹೊನ್ನೂರಮ್ಮ ತನ್ನದೋ ಎಂದು ನೋಡಿಕೊಂಡಳು. ಅವಳದಾಗಿರಲಿಲ್ಲ.

"ಹೊಲಿಗಿ ಬಿಚ್ಚೈತಿ. ಡಾಕ್ಟರು ಏನಂದಿದ್ದರು? ಖರೆ ಹೇಳು."

ಆಗ ಆರು ವಾರದ ಮಾತು ಹೊರಬಿತ್ತು. ಅವಳು ತಲೆಗೆ ಕೈಹಚ್ಚಿ ಕುಳಿತಳು. "ನಡಿ, ಈಗಿಂದೀಗ ಹೊಸಪ್ಯಾಟಿ ದವಾಖಾನಿಗೆ ನಡಿ" ಎಂದಳು. ಅವನು ಒಪ್ಪಲಿಲ್ಲ. ದವಾಖಾನೆಗೆ ಹೋದರೆ ಮಲಗಿಸಿಕೊಳ್ಳುತ್ತಾರೆ. ಅಮಾಸಿಗೆ ಕಟ್ಟೆಗೆ ಬಾರದವನು ಸೋತಂತೆ. ತನ್ನ ಕಾಲ ಮೇಲೆ ನಡೆದು ಹೋಗಿ ಕೂರಬೇಕು, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದ. ಅವಳು ಬೇವಿನ ಎಲೆ ಕುದಿಸಿ ತೊಳೆದಳು. ಎರಡನೇ ದಿನ ಚಳಿಜ್ವರ ಬಂತು. ಮೂರನೇ ದಿನ ಕೀವಿನ ವಾಸನೆ ಕೋಣೆ ತುಂಬಿತು. ಅವಳು ಊದುಬತ್ತಿ ಹಚ್ಚಿದಳು.

ಅಮಾಸಿಯ ದಿನ ಎತ್ತುಗಳಿಗೆ ನೊಗವಿಲ್ಲ, ಗದ್ದೆಯಲ್ಲಿ ಆಳಿಲ್ಲ. ಕಟ್ಟೆಯ ಸುತ್ತ ಮಂದಿ ನೆರೆದಿದ್ದರು. ಹುಲುಗಪ್ಪ ಬಿಳಿಯ ಪಂಚೆಯ ಒಳಗೆ ಎರಡು ಮಡಿಕೆ ಬಟ್ಟೆ ಕಟ್ಟಿಕೊಂಡು ಬಂದು ಕಲ್ಲಿನ ಮೇಲೆ ಕುಳಿತ. ಕಲ್ಲು ತಣ್ಣಗಿತ್ತು. ಹಲ್ಲು ಕಟಕಟ ಎನ್ನದಂತೆ ದವಡೆ ಬಿಗಿ ಹಿಡಿದಿದ್ದ. ಎರ್ರಿಯಪ್ಪ ಎದುರಿಗೆ ನಿಂತಿದ್ದ. ಅವನ ಅಂಗೈಯಲ್ಲಿ ವೀಳ್ಯದೆಲೆ ಸಿದ್ಧವಾಗಿತ್ತು.

"ಅಳಿಯಾ, ಮುಖ ಯಾಕ ಹಂಗ ಕೆಂಪಗಾಗೈತಿ?" ಯಾರೋ ಹಿಂದಿನಿಂದ ಕೇಳಿದರು.

"ಹೊಸ ಮದುಮಗ ನೋಡು, ನಾಚಿಗಿ!" ಎಂದು ಇನ್ನೊಬ್ಬ ಅಂದ. ನಗೆ ಎದ್ದಿತು.

"ಏ, ಬಾಯಿ ಮುಚ್ಚಕೊಂಡು ನಿಂದ್ರಿ. ಇದು ನಾಟಕದ ಕಂಪನಿ ಅಲ್ಲ," ಎಂದು ಮುದುಕಪ್ಪ ಗದರಿದ. ಆಮೇಲೆ ದನಿ ತಗ್ಗಿಸಿದ. "ಹೊನ್ನೂರಮ್ಮ, ಮುಂದ ಬಾರವ್ವ. ನಿನ್ನ ಅಣ್ಣನ್ನ ನೋಡಬ್ಯಾಡ, ಗಂಡನ್ನ ನೋಡಬ್ಯಾಡ. ಒಂದೇ ಮಾತು ಕೇಳತೀನಿ. ಹೇಳಿದ ಮ್ಯಾಲ ತಿರುಗಿಸೋ ಹಂಗಿಲ್ಲ, ನಿನಗ ಗೊತ್ತೈತಲ್ಲ? ಈ ಹುಲುಗಪ್ಪ ನಿನಗ ಗಂಡಸು ಹೌದೋ, ಅಲ್ಲೋ?"

ಹುಲುಗಪ್ಪ ನೆಲ ನೋಡುತ್ತಿದ್ದ. ಪಂಚೆಯೊಳಗೆ ಬೆಚ್ಚಗೆ ಏನೋ ಇಳಿಯುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ಅಲ್ಲ ಎನ್ನಲಿ, ಜಲ್ದಿ ಎನ್ನಲಿ, ಇಲ್ಲಿಂದ ಎದ್ದರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ ಹೌದೆನ್ನಲಿ, ಹೌದೆನ್ನಲಿ ಎಂದು ಎದೆ ಬಡಿದುಕೊಂಡಿತು.

"ಹೌದು," ಎಂದಳು ಹೊನ್ನೂರಮ್ಮ.

"ಏ ಹೊನ್ನೂರೀ!" ಎಂದು ಎರ್ರಿಯಪ್ಪ ಕೂಗಿದ. "ನೀನ ಅತ್ತಿದ್ದಿಯಲ್ಲ ಅವ್ವನ ಮುಂದ! ಯಾರು ಹೆದರಿಸ್ಯಾರ ನಿನಗ? ಹೇಳು!"

"ಯಾರೂ ಹೆದರಿಸಿಲ್ಲಣ್ಣ. ಹೌದು ಅಂದ್ರ ಹೌದು."

ಮುದುಕಪ್ಪ ಕೈ ಎತ್ತಿದ. ಮಾತು ಮುಗಿಯಿತು ಎಂದರ್ಥ. ಎರ್ರಿಯಪ್ಪ ಎಲೆಯನ್ನು ಬಾಯಿಗೆ ಹಾಕಿಕೊಂಡು, ಸುಣ್ಣ ಅಡಿಕೆ ಇಲ್ಲದೆ ಹಾಗೇ ಜಗಿದು, ಉಗುಳಿ, ತಂಗಿಯ ಕಡೆ ನೋಡದೆ ಹೋದ. ಮಂದಿ ಹುಲುಗಪ್ಪನ ಬೆನ್ನು ತಟ್ಟಿದರು. ತಟ್ಟಿದ ಒಬ್ಬ, "ಅಬ್ಬಾ, ಮೈ ಕೆಂಡ ಆಗೈತಲ್ಲೋ!" ಎಂದ. ಅಷ್ಟರಲ್ಲಿ ಹುಲುಗಪ್ಪ ಕಲ್ಲಿನಿಂದ ಪಕ್ಕಕ್ಕೆ ವಾಲಿದ್ದ.

ಭತ್ತದ ಹೊಟ್ಟು ಹೇರುವ ಟ್ರ್ಯಾಕ್ಟರಿನಲ್ಲಿ ಹೊಸಪೇಟೆಗೆ, ಅಲ್ಲಿಂದ ಬಳ್ಳಾರಿಗೆ ಒಯ್ದರು. ಅದೇ ಸಂಜೆ ಡಾಕ್ಟರು ಎರಡೂ ಕಡ್ಡಿ ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಜೀವವೇ ಹೋಗುತ್ತಿತ್ತು ಎಂದರು. ಒಳಗೆಲ್ಲ ಕೊಳೆತಿದೆ, ಮುಂದೆ ಹಾಕಲು ಜಾಗವಿಲ್ಲ ಎಂದೂ ಹೇಳಿದರು. ಅದನ್ನು ಹೊನ್ನೂರಮ್ಮನಿಗೆ ಹೇಳಿದರು, ಹುಲುಗಪ್ಪನಿಗಲ್ಲ. ಎಚ್ಚರವಾದ ಮೇಲೆ ಅವನಿಗೆ ಹೇಳಿದವಳು ಅವಳೇ.

"ತಗದ್ರು," ಎಂದಳು. "ಇನ್ನ ಹಾಕಾಕ ಬರಂಗಿಲ್ಲಂತ."

"ನೀ ಕಟ್ಟಿ ಮ್ಯಾಲ..." ಎಂದು ಹುಲುಗಪ್ಪ ಶುರು ಮಾಡಿ ನಿಲ್ಲಿಸಿದ.

ಅವಳು ಲೋಟದ ಚಹಾವನ್ನು ಬಸಿಗೆ ಸುರಿದು, ಬಸಿಯಿಂದ ಲೋಟಕ್ಕೆ ಸುರಿದು, ಆರಿಸುತ್ತಿದ್ದಳು. ಆರಿದ ಮೇಲೆ ಅವನ ತಲೆ ಎತ್ತಿ ಹಿಡಿದು ಕುಡಿಸಿದಳು. ತುಟಿಯ ಅಂಚಿನಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದಳು. ಉಳಿದ ಎರಡು ಗುಟುಕನ್ನು ಕಿಟಕಿಯ ಕಡೆ ತಿರುಗಿ ತಾನು ಕುಡಿದಳು.

ಅವಳು ಹೌದು ಎಂದದ್ದು ನಡೆದದ್ದು ನಿಜವೆಂದೋ, ಜ್ವರದಲ್ಲಿ ಕುಳಿತವನ ಮೇಲಿನ ಮರುಕಕ್ಕೋ, ಗಂಗಾವತಿಯವನು ಬೇಡವಾಗಿದ್ದಕ್ಕೋ, ತಿಳಿಯದು. ಹುಲುಗಪ್ಪ ಆ ಮಾತನ್ನು ಮತ್ತೆ ಪೂರ್ತಿ ಮಾಡಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ, ಅದೂ ತಿಳಿಯದು.